ಉಸಿರು ಹೊರಗೆ ಹೋಗುವುದೂ ಮುಖ್ಯ: ಉಸಿರಾಟದ ಪಾಠಕ್ಕೊಂದು ಪೂರಕ ಚಟುವಟಿಕೆ

"ನಾವು ಯಾಕೆ ಉಸಿರಾಡ್ತೇವೆ?" ಅಂತ ಕೇಳಿದರೆ ಇಡೀ ಕ್ಲಾಸು ಒಂದೇ ಸ್ವರದಲ್ಲಿ "ಆಕ್ಸಿಜನ್‌ಗೆ ಟೀಚರ್" ಅನ್ನುತ್ತದೆ. ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ಉಳಿದರ್ಧ ಎಷ್ಟು ಮುಖ್ಯ ಎಂಬುದನ್ನು ಮಕ್ಕಳಿಗೆ ತಿಳಿಸಲು ನಾನು ಒಂದು ನಿಜವಾದ ಕಥೆ ಹೇಳುತ್ತೇನೆ.

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿತು. ಕೆಲವು ರೋಗಿಗಳಿಗೆ ಉಸಿರಾಟದ ಸ್ನಾಯುಗಳೇ ಸೋತುಹೋದವು, ನುಂಗುವ ಶಕ್ತಿಯೂ ಹೋಯಿತು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಇದ್ದದ್ದು ಒಂದು 'ಕಬ್ಬಿಣದ ಶ್ವಾಸಕೋಶ' ಮತ್ತು ಎದೆಗೆ ಕಟ್ಟುವ ಆರು ಯಂತ್ರಗಳು. ಕಬ್ಬಿಣದ ಶ್ವಾಸಕೋಶ ಅಂದರೆ ಒಂದು ದೊಡ್ಡ ಡಬ್ಬ. ರೋಗಿಯ ತಲೆ ಹೊರಗೆ, ಮೈ ಒಳಗೆ. ಡಬ್ಬದೊಳಗಿನ ಒತ್ತಡ ಕಡಿಮೆ ಮಾಡಿದಾಗ ಎದೆ ಹಿಗ್ಗಿ ಗಾಳಿ ಒಳಗೆ ಬರುತ್ತದೆ. ಆದರೆ ಗಂಟಲು ಸೋತವರಿಗೆ ಜೊಲ್ಲು, ಕಫ ಶ್ವಾಸನಾಳಕ್ಕೇ ಇಳಿಯುತ್ತಿತ್ತು. ಈ ಯಂತ್ರಗಳಲ್ಲಿ ಇಟ್ಟ ಮೊದಲ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು.

ರಕ್ತಪರೀಕ್ಷೆಯಲ್ಲಿ ಕಾರ್ಬನ್ ಡೈ ಆಕ್ಸೈಡಿನ ಒಟ್ಟು ಪ್ರಮಾಣ ತುಂಬಾ ಹೆಚ್ಚಿತ್ತು. ಅದು ರಕ್ತ ಪ್ರತ್ಯಾಮ್ಲೀಯವಾದ ಲಕ್ಷಣ ಎಂದು ವೈದ್ಯರು ಭಾವಿಸಿದ್ದರು. ಆಗ ಮುಖ್ಯ ವೈದ್ಯ ಲಾಸೆನ್ ಅವರು ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರನ್ನು ಕರೆಸಿದರು. ಆಪರೇಷನ್ ವೇಳೆ ಸ್ನಾಯುಗಳನ್ನು ಸಡಿಲಿಸುವ ಔಷಧ ಕೊಟ್ಟಾಗ ರೋಗಿಯ ಉಸಿರು ನಿಲ್ಲುತ್ತದೆ. ಅಷ್ಟು ಹೊತ್ತು ಅರಿವಳಿಕೆ ತಜ್ಞರು ರಬ್ಬರ್ ಚೀಲ ಒತ್ತಿ ಉಸಿರು ಕೊಡುತ್ತಾರೆ. ಹಾಗಾಗಿ ಇಬ್ಸೆನ್ ಅವರಿಗೆ ವಿಷಯ ಹೊಳೆಯಿತು: ಗಾಳಿ ಸಾಕಷ್ಟು ಬದಲಾಗದೆ ಕಾರ್ಬನ್ ಡೈ ಆಕ್ಸೈಡ್ ಒಳಗೇ ಉಳಿದು ರಕ್ತ ಆಮ್ಲೀಯವಾಗುತ್ತಿದೆ. ಆಕ್ಸಿಜನ್ ಕೊಡುತ್ತಿದ್ದುದರಿಂದ ಮೈ ನೀಲಿಯಾಗುತ್ತಿರಲಿಲ್ಲ, ಅಪಾಯ ಕಾಣುತ್ತಿರಲಿಲ್ಲ.

ಆಗಸ್ಟ್ 27ರಂದು 12 ವರ್ಷದ ಒಬ್ಬ ಹುಡುಗಿಯ ಕತ್ತಿನಲ್ಲಿ ರಂಧ್ರ ಮಾಡಿಸಿ, ಶ್ವಾಸನಾಳಕ್ಕೆ ಕೊಳವೆ ಹಾಕಿಸಿ, ಕಫ ಹೀರಿ ತೆಗೆದು, ಇಬ್ಸೆನ್ ಚೀಲ ಒತ್ತತೊಡಗಿದರು. ಹುಡುಗಿ ಬದುಕಿಕೊಂಡಳು. ಆಮೇಲೆ ಸುಮಾರು 1500 ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲೂ ರಾತ್ರಿ ಕೈಯಿಂದಲೇ ಚೀಲ ಒತ್ತಿದರು. ಒಂದು ಹಂತದಲ್ಲಿ ಏಕಕಾಲಕ್ಕೆ 70 ರೋಗಿಗಳು ಹೀಗೆ ಉಸಿರಾಡುತ್ತಿದ್ದರು. ಸಾವಿನ ಪ್ರಮಾಣ ಬಹಳ ಇಳಿಯಿತು. ಇಂದಿನ ತೀವ್ರ ನಿಗಾ ಘಟಕಗಳ ಬೇರು ಇಲ್ಲಿದೆ.

ಇದನ್ನು ತರಗತಿಯಲ್ಲೇ ತೋರಿಸಬಹುದು. ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ, ಮುಚ್ಚಳದ ತೂತಿನಲ್ಲಿ ಸ್ಟ್ರಾ, ಸ್ಟ್ರಾದ ತುದಿಗೆ ಬಲೂನು, ತಳಕ್ಕೆ ಕತ್ತರಿಸಿದ ಬಲೂನಿನ ಪೊರೆ. ಇದು ನಾವೆಲ್ಲ ಮಾಡಿಸುವ ಶ್ವಾಸಕೋಶದ ಮಾದರಿಯೇ. ಗಾಳಿ ಸೋರದಂತೆ ಮೇಣ ಹಚ್ಚಿ.

1. ತಳದ ಪೊರೆಯನ್ನು ಕೆಳಗೆ ಎಳೆಯಿರಿ. ಒಳಗಿನ ಬಲೂನು ಹಿಗ್ಗುತ್ತದೆ. ನಮ್ಮ ಸಹಜ ಉಸಿರಾಟ ಹೀಗೆ, ಕಬ್ಬಿಣದ ಶ್ವಾಸಕೋಶವೂ ಹೀಗೆ.

2. ಪೊರೆಯನ್ನು ಮುಟ್ಟದೆ ಸ್ಟ್ರಾದಿಂದ ಮೆಲ್ಲನೆ ಊದಿರಿ. ಆಗಲೂ ಬಲೂನು ಹಿಗ್ಗುತ್ತದೆ, ಪೊರೆ ಹೊರಗೆ ಉಬ್ಬುತ್ತದೆ. ಇದು ಇಬ್ಸೆನ್ ಅವರ ಚೀಲ.

3. ಈಗ ಸ್ಟ್ರಾವನ್ನು ಬೆರಳಿಂದ ಒತ್ತಿ ಹಿಡಿದು ಎರಡನ್ನೂ ಮಾಡಿ ನೋಡಿ. ಯಾವುದೂ ನಡೆಯುವುದಿಲ್ಲ. "ದಾರಿ ಮುಚ್ಚಿದರೆ ಎಳೆದರೂ ಇಲ್ಲ, ಊದಿದರೂ ಇಲ್ಲ" ಎಂದು ಮಕ್ಕಳೇ ಹೇಳಲಿ.

ಈ ಮೂರನೇ ಹಂತ ನಮ್ಮ ಊರಿಗೆ ಬಹಳ ಬೇಕು. ಮಳೆಗಾಲದಲ್ಲಿ ಕೆರೆ, ತೋಡು, ಹೊಳೆ ತುಂಬುತ್ತವೆ. ಮುಳುಗಿದವರನ್ನು ಮೇಲೆತ್ತಿದ ಕೂಡಲೇ ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಅಮುಕಿ ನೀರು ತೆಗೆಯುವುದು ಇವತ್ತಿಗೂ ಇದೆ. ಅದರಿಂದ ಅಮೂಲ್ಯ ನಿಮಿಷಗಳು ಹೋಗುತ್ತವೆ, ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ಹೋಗಲೂಬಹುದು.

ಮಾಡಬೇಕಾದ್ದು ಇಷ್ಟು: ಒಬ್ಬರು 108ಕ್ಕೆ ಫೋನ್ ಮಾಡಲಿ. ಕರೆದರೆ ಪ್ರತಿಕ್ರಿಯೆ ಇಲ್ಲ, ಸರಿಯಾದ ಉಸಿರಾಟವೂ ಇಲ್ಲ ಎಂದಾದರೆ ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ. ಆಗ ನಾಲಿಗೆ ಹಿಂದೆ ಬಿದ್ದು ಮುಚ್ಚಿದ ದಾರಿ ತೆರೆಯುತ್ತದೆ. ಅದೇ ನಮ್ಮ ಸ್ಟ್ರಾ. ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು, ಎದೆ ಏಳುವಷ್ಟು ಎರಡು ಸಲ ಊದಿ. ನಂತರ ಎದೆಯ ನಡುವೆ 30 ಸಲ ಒತ್ತಿ, ಮತ್ತೆ ಎರಡು ಉಸಿರು. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ದೊಡ್ಡವರಿಗೆ ಸುಮಾರು 5 ಸೆಂಟಿಮೀಟರ್ ಆಳ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬಾರದು.

ಎರಡು ಎಚ್ಚರಿಕೆ. ಮಕ್ಕಳು ನೀರಿಗೆ ಹಾರಬಾರದು, ಹಗ್ಗವನ್ನೋ ಕೋಲನ್ನೋ ಚಾಚಬೇಕು, ದೊಡ್ಡವರನ್ನು ಕೂಗಬೇಕು. ಎದೆ ಒತ್ತುವ ಅಭ್ಯಾಸವನ್ನು ಜೀವಂತ ಮನುಷ್ಯರ ಮೇಲೆ ಮಾಡಲೇಬಾರದು. ತರಗತಿಯಲ್ಲಿ ದಿಂಬು ಸಾಕು, ಸರಿಯಾದ ತರಬೇತಿಗೆ ಹತ್ತಿರದ ಆರೋಗ್ಯ ಕೇಂದ್ರದವರನ್ನು ಶಾಲೆಗೆ ಕರೆಸಿ.

ಪಾಠದ ಕೊನೆಗೆ ಮೊದಲಿನ ಪ್ರಶ್ನೆಯನ್ನೇ ಮತ್ತೆ ಕೇಳಿ. "ಆಕ್ಸಿಜನ್ ಒಳಗೆ, ಕಾರ್ಬನ್ ಡೈ ಆಕ್ಸೈಡ್ ಹೊರಗೆ, ದಾರಿ ತೆರೆದಿರಬೇಕು" ಎಂಬ ಉತ್ತರ ಬಂದರೆ ಪಾಠ ಮುಟ್ಟಿದೆ ಎಂದೇ ಅರ್ಥ.