ಬದುವಿನ ಗಿಡ ಯಾವುದು? ಬಯಲುಸೀಮೆಯಿಂದ ಒಂದು ಪಾಠ



ಕಾಫಿ-ಅಡಿಕೆಯ ಪತ್ರಿಕೆಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮಾತೇಕೆ ಎಂದು ಕೇಳುವವರು ಇರಬಹುದು. ವಿಜಯಪುರ ಜಿಲ್ಲೆಯ ಈ ತಾಲ್ಲೂಕುಗಳಲ್ಲಿ ವರ್ಷಕ್ಕೆಲ್ಲ ಬೀಳುವ ಮಳೆ ಸುಮಾರು 600 ಮಿಲಿಮೀಟರು. ನಮ್ಮಲ್ಲಿ ಜುಲೈ ಒಂದೇ ತಿಂಗಳಲ್ಲಿ ಅಷ್ಟು ಸುರಿಯುವ ತೋಟಗಳುಂಟು. ಆದರೂ ಊರ ಗಿಡವನ್ನು ಗುರುತಿಸಿ ಉಳಿಸಿಕೊಳ್ಳುವ ಪಾಠ ಅಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ತೋಟದ ಹತ್ತಾರು ಜಾತಿಯ ಮರಗಳಲ್ಲಿ ಒಂದು ಹೋದರೆ ನಮಗೆ ತಿಳಿಯುವುದೇ ಇಲ್ಲ. ಎರೆಹೊಲದ ಬದುವಿನಲ್ಲಿ ಇರುವುದೇ ನಾಲ್ಕು ಮರ. ಅದರಲ್ಲಿ ಒಂದು ಹೋದರೆ ಗೀಜಗನಿಗೆ ಗೂಡು ತೂಗುಹಾಕಲು ಕೊಂಬೆಯಿಲ್ಲ, ಕುರಿಗೆ ನೆರಳಿಲ್ಲ.

ಆ ಸೀಮೆಯ ಹಳೆಯ ಗಿಡಗಳೆಂದರೆ ಬನ್ನಿ, ಕರಿಜಾಲಿ, ಬೇವು, ಬಾರಿ, ತಂಗಡಿ (ನಾವು ಆವರಿಕೆ ಎನ್ನುವುದು), ಹಳ್ಳದ ದಂಡೆಗೆ ಲಕ್ಕಿ ಮತ್ತು ಹೊಂಗೆ. ಇವುಗಳ ನಡುವೆ ಬಂದು ಸೇರಿದ್ದು ಬಳ್ಳಾರಿ ಜಾಲಿ. ಇದು ಅಮೆರಿಕ ಖಂಡದ ಗಿಡ. 1870ರ ದಶಕದಲ್ಲಿ ಭಾರತಕ್ಕೆ ತಂದರು. ಸೌದೆಗೆ ಒಳ್ಳೆಯದು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬೀಳುಬಿಟ್ಟ ಹೊಲವನ್ನು ಕೆಲವೇ ವರ್ಷಗಳಲ್ಲಿ ನುಂಗುತ್ತದೆ, ಅದರ ಬುಡದಲ್ಲಿ ಹುಲ್ಲೂ ಸರಿಯಾಗಿ ಏಳುವುದಿಲ್ಲ. ಹುಲ್ಲಿಲ್ಲದ ಕಡೆ ಗೌಜಲಹಕ್ಕಿ ಮರಿ ಮಾಡೀತು ಹೇಗೆ?

ಕಷ್ಟವಿರುವುದು ಗುರುತಿಸುವುದರಲ್ಲಿ. ಎಳೆಯದರಲ್ಲಿ ಬನ್ನಿ, ಕರಿಜಾಲಿ, ಬಳ್ಳಾರಿ ಜಾಲಿ ಮೂರೂ ಒಂದೇ ಥರ ಕಾಣುವ ಸಣ್ಣೆಲೆಯ ಮುಳ್ಳುಗಿಡಗಳು. ಬದು ಸವರುವಾಗ ಮೂರೂ ಒಟ್ಟಿಗೆ ಹೋಗುತ್ತವೆ. ಮತ್ತೆ ಮೊದಲು ಚಿಗುರುವುದು ಬಳ್ಳಾರಿ ಜಾಲಿಯೇ. ಆದ್ದರಿಂದ ಮುಳ್ಳನ್ನು ನೋಡತಕ್ಕದ್ದು. ಬನ್ನಿಯ ಮುಳ್ಳು ಗಿಡ್ಡ, ಬುಡ ಅಗಲ. ಎಲೆ ಹುಟ್ಟುವ ಗಿಣ್ಣಿನಲ್ಲಲ್ಲ, ಎರಡು ಗಿಣ್ಣುಗಳ ನಡುವೆ ಚದುರಿರುತ್ತದೆ. ಕರಿಜಾಲಿಯ ಮುಳ್ಳು ಗಿಣ್ಣಿನಲ್ಲಿ ಜೋಡಿಯಾಗಿ, ನೀಳವಾಗಿ, ಬೆಳ್ಳಗಿರುತ್ತದೆ. ಬಳ್ಳಾರಿ ಜಾಲಿಗೂ ಮುಳ್ಳು ಗಿಣ್ಣಿನಲ್ಲೇ, ಆದ್ದರಿಂದ ಈ ಎರಡಕ್ಕೆ ಹೂವು-ಕಾಯಿಯ ಸಾಕ್ಷಿ ಬೇಕು. ಕರಿಜಾಲಿಯ ಹೂವು ಹಳದಿ ಗುಂಡು, ಕಾಯಿ ಮಣಿಸರದಂತೆ ಬೀಜಬೀಜಕ್ಕೂ ನಡು ಹಿಡಿದಿರುತ್ತದೆ. ಬಳ್ಳಾರಿ ಜಾಲಿಯ ಹೂವು ಉದ್ದನೆಯ ತೆನೆ, ಕಾಯಿ ಹಳದಿ ಬಣ್ಣದ ಪಟ್ಟಿ. ಬನ್ನಿಯ ಹೂವೂ ತೆನೆಯೇ; ಕಾಯಿ ಮಾತ್ರ ಸಣಕಲು ಕಡ್ಡಿಯಂತೆ. ಇನ್ನೊಂದು ತೊಡಕು: ಕನ್ನಡದಲ್ಲಿ ಬನ್ನಿ ಎಂಬ ಹೆಸರು ಎರಡು ಮರಗಳಿಗುಂಟು. ಚಪ್ಪಟೆ ಕಾಯಿ ಬಿಡುವ ಬನ್ನಿ ಬೇರೆ ಜಾತಿ. ಅದೂ ಈ ನೆಲದ್ದೇ, ಕಡಿಯಬೇಕಿಲ್ಲ.

ಬನ್ನಿಯ ಬಗ್ಗೆ ನಮಗೆ ಪಕ್ಷಪಾತವಿದೆ ಎಂದರೂ ಸರಿಯೇ. ಬೇರು ಬಹಳ ಆಳಕ್ಕಿಳಿಯುತ್ತದೆ, ನೆರಳು ತೆಳು. ರಾಜಸ್ಥಾನದಲ್ಲಿ ಇದೇ ಮರ ಖೇಜಡಿ. 1983ರಲ್ಲಿ ಅದನ್ನು ಅಲ್ಲಿಯ ರಾಜ್ಯವೃಕ್ಷವೆಂದು ಘೋಷಿಸಿದರು. ಅದರ ಕೆಳಗೇ ಸಜ್ಜೆ ಬೆಳೆಯುತ್ತಾರೆ. ದಸರೆಗೆ ಎಲೆ ಕಿತ್ತು ಬಂಗಾರವೆಂದು ಹಂಚುವ ನಾವು, ಆ ಮರದ ಸಸಿ ನೆಡುವುದು ಎಷ್ಟು ಕಡಿಮೆ!

ಸಸಿ ಮಾಡುವ ರೀತಿ ಹೀಗೆ. ಬೇಸಿಗೆಯಲ್ಲಿ ಬಲಿತ ಕಾಯಿಗಳನ್ನು ಹಳೆಯ ಮರಗಳಿಂದಲೇ ಆರಿಸಿ. ಜಾಲಿ-ಬನ್ನಿಗಳ ಬೀಜದ ಸಿಪ್ಪೆ ಗಟ್ಟಿ. ಕುದಿಸಿ ಒಲೆಯಿಂದಿಳಿಸಿದ ನೀರನ್ನು ಬೀಜದ ಮೇಲೆ ಹಾಕಿ ರಾತ್ರಿಯೆಲ್ಲ ಬಿಡಿ. ಬೀಜವನ್ನು ಒಲೆಯ ಮೇಲಿಟ್ಟು ಕುದಿಸಕೂಡದು. ಮುಂಗಾರು ಹಿಡಿದ ಮೇಲೆ ಬದುವಿನಲ್ಲೇ ಅರ್ಧ ಅಂಗುಲ ಆಳಕ್ಕೆ ಊರಿ, ಏಕೆಂದರೆ ಚೀಲದಲ್ಲಿ ತಡವಾದರೆ ತಾಯಿಬೇರು ಸುತ್ತಿಕೊಳ್ಳುತ್ತದೆ. ಆಡಿನ ಹಟ್ಟಿಯಲ್ಲಿ ಬಿದ್ದ ಜಾಲಿಬೀಜ ಸುಲಭವಾಗಿ ಮೊಳೆಯುತ್ತದೆ ಎಂಬುದು ನಿಜ. ಆದರೆ ಬಳ್ಳಾರಿ ಜಾಲಿ ಹಬ್ಬುವುದೂ ಅದೇ ಹಾದಿಯಲ್ಲಿ. ಆಡು ಏನು ಮೇದಿದೆಯೆಂದು ತಿಳಿಯದೆ ಹಟ್ಟಿಯ ಬೀಜ ತರಬೇಡಿ. ಬೇವಿನ ಬೀಜವನ್ನು ಕೂಡಿಡುವಂತಿಲ್ಲ, ಹಣ್ಣಾದ ವಾರದೊಳಗೆ ಬಿತ್ತುವುದು ಲೇಸು. ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಪ್ರಯೋಜನವಿಲ್ಲ, ಬುಡದ ಗಡ್ಡೆಯನ್ನೇ ಅಗೆದು ತೆಗೆಯಬೇಕು. ಕಾಯಿಯಿಲ್ಲದ ಅದರ ಒಣಕೊಂಬೆ ಹೊಸ ಸಸಿಗೆ ಒಳ್ಳೆಯ ಬೇಲಿ.

ಇಂಡಿಯ ನಿಂಬೆ ಬೆಳೆಗಾರರ ಆಕ್ಷೇಪವನ್ನೂ ಕೇಳಬೇಕು: ಗಿಡ ಬೆಳೆಸಿದರೆ ಹುಳು ಬರುವುದಿಲ್ಲವೇ? ನಿಂಬೆಯ ಎಲೆ ತಿನ್ನುವ, ಎಳೆಯದರಲ್ಲಿ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳು ಒಂದು ಚಿಟ್ಟೆಯ ಮರಿ; ಬಿಲ್ವದ ಮೇಲೂ ಅದು ಬದುಕುತ್ತದೆ. ಸಸಿಮಡಿಯಲ್ಲಿ ಅದು ನಷ್ಟವೇ, ಕೈಯಿಂದ ಆರಿಸತಕ್ಕದ್ದು. ಬೆಳೆದ ಮರಕ್ಕೆ ಅಷ್ಟು ಭಯವಿಲ್ಲ. ಬಿಲ್ವವನ್ನು ಸಸಿಮಡಿಯಿಂದ ದೂರ ಇಟ್ಟರಾಯಿತು. ಗೀಜಗ ಜೋಳದ ತೆನೆಗೂ ಬರುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಆದರೆ ಮರಿಗೆ ಅದು ತಿನಿಸುವುದು ಹೆಚ್ಚಾಗಿ ಹುಳುವನ್ನೇ.

ಈಗ ನಮ್ಮ ತೋಟಕ್ಕೆ ಬರೋಣ. ನಮ್ಮ ಸಿಲ್ವರ್ ಓಕ್ ಆಸ್ಟ್ರೇಲಿಯದ ಮರ. ಬಳ್ಳಾರಿ ಜಾಲಿಯಂತೆ ನೆಲ ನುಂಗುವುದಲ್ಲ, ಮೆಣಸು ಹಬ್ಬಿಸಲು ಅನುಕೂಲ, ಮಾರಿದರೆ ಹಣ. ಆದರೆ ಅದರ ಕಾಯಿ ಒಣಸಿಪ್ಪೆ, ಹಕ್ಕಿಗೆ ಹಣ್ಣಿಲ್ಲ. ಅತ್ತಿ, ಬಸರಿ, ಗೋಣಿಗಳನ್ನು ತೆಗೆದು ಅದನ್ನೇ ಸಾಲುಹಿಡಿದು ನೆಟ್ಟ ತೋಟದಲ್ಲಿ ಕುಟ್ರುಹಕ್ಕಿಯ ಕೂಗು ಕಡಿಮೆಯಾಗುವುದರಲ್ಲಿ ಆಶ್ಚರ್ಯವಿಲ್ಲ. ನೆರಳು ಕಸಿಮಾಡುವ ಮುನ್ನ, ಹಕ್ಕಿ ಹಿಕ್ಕೆಯಿಂದ ತಾನಾಗಿ ಎದ್ದ ಅತ್ತಿ-ಬಸರಿಯ ಸಸಿಗಳಿಗೆ ಸುಣ್ಣದ ಗುರುತು ಹಾಕಿರಿ. ಕತ್ತಿ ಹಿಡಿದವರು ಆಗ ಅದನ್ನು ಬಿಡುತ್ತಾರೆ. ಕೊಯ್ಲಿಗೆ ಬರುವ ಉತ್ತರ ಕರ್ನಾಟಕದವರು ನಿಮ್ಮ ಲೈನಿನಲ್ಲಿದ್ದರೆ, ಅವರ ಊರಿನ ಬದುವಿನಲ್ಲಿ ಬನ್ನಿ ಇನ್ನೂ ಇದೆಯೇ ಎಂದು ಕೇಳಿ ನೋಡಿ.