ಅಳಿಯ ರಾಮರಾಯ ಎಲ್ಲಿ ಎಡವಿದ?

ಪ್ರಶ್ನೆ: ಅಳಿಯ ರಾಮರಾಯ ರಾಜನೀತಿಯಲ್ಲಿ ಅಷ್ಟು ಪಳಗಿದವನಾಗಿದ್ದರೆ ವಿಜಯನಗರ ಉಳಿಯಲಿಲ್ಲವೇಕೆ? ಅವನ ಸೊಕ್ಕೇ ಕಾರಣವೆ?
– ಓದುಗರೊಬ್ಬರು, ಹೊಳಗುಂದ

ಉತ್ತರ: ಸೊಕ್ಕು ಎಂಬ ಮಾತನ್ನು ಹೆಚ್ಚಾಗಿ ಹೇಳಿದವರು ಗೆದ್ದವರ ಕಡೆಯ ಚರಿತ್ರಕಾರರು. ಬಿಜಾಪುರದಲ್ಲಿ ಕೂತು ಬರೆದ ಫಿರಿಸ್ತಾ ಅವರಲ್ಲೊಬ್ಬ. ನನಗೆ ಆ ಉತ್ತರ ಸಾಲದು.

ಸದಾಶಿವರಾಯನನ್ನು ಹೆಸರಿಗೆ ಪಟ್ಟದಲ್ಲಿ ಕೂರಿಸಿ, ರಾಮರಾಯ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ತಾನೇ ಆಳಿದ. ಉತ್ತರದ ಸುಲ್ತಾನರು ಒಂದಾಗದಂತೆ ನೋಡಿಕೊಳ್ಳುವುದೇ ಅವನ ನೀತಿ. ಅದು ಫಲ ಕೊಟ್ಟಿತು ಕೂಡ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾ ಪಟ್ಟವೇರುವ ಮೊದಲು ಏಳು ವರ್ಷ ವಿಜಯನಗರದ ಆಶ್ರಯದಲ್ಲಿದ್ದ. ರಾಮರಾಯನ ಮಗ ತೀರಿಕೊಂಡಾಗ ಬಿಜಾಪುರದ ಅಲಿ ಆದಿಲ್ ಶಾ ಖುದ್ದಾಗಿ ಬಂದು ಸಮಾಧಾನ ಹೇಳಿದ. ಮುಂದೆ ಇಬ್ಬರೂ ಕೂಡಿ ಅಹ್ಮದ್‌ನಗರದ ಮೇಲೆ ದಂಡೆತ್ತಿದರು. ಅಲ್ಲಿನ ಸುಲ್ತಾನ ಹುಸೇನ್ ನಿಜಾಮ್ ಶಾ ಕಲ್ಯಾಣದ ಕೋಟೆ ಬಿಟ್ಟುಕೊಡಬೇಕಾಯಿತು.

ನೆರೆಯವನು ಶತ್ರು, ಅವನಾಚೆಯವನು ಮಿತ್ರ ಎಂಬುದು ಕೌಟಿಲ್ಯನ ಮಂಡಲನೀತಿ. ರಾಮರಾಯ ಅದಕ್ಕೇ ಅಂಟಿಕೊಳ್ಳದೆ, ಬೇಕಾದಾಗ ನೆರೆಯವನನ್ನೂ ಮಿತ್ರನಾಗಿಸಿಕೊಂಡ. ಆದರೆ ಗೆಲ್ಲುತ್ತ ಹೋದಂತೆ ಅವನೇ ಎಲ್ಲರಿಗೂ ದೊಡ್ಡ ಭಯವಾದ. ಬಿಜಾಪುರ, ಗೋಲ್ಕೊಂಡಗಳ ಸೀಮೆಗೂ ಕೈಹಾಕಿದ ಮೇಲೆ, ಅವರಿಗೆ ಪರಸ್ಪರರ ಹಗೆ ಚಿಕ್ಕದಾಗಿ ಕಂಡಿತು. ಬಿಜಾಪುರ ಮತ್ತು ಅಹ್ಮದ್‌ನಗರ ದಶಕಗಟ್ಟಲೆ ಬಡಿದಾಡಿದ ಸೊಲ್ಲಾಪುರದ ಕೋಟೆ, ಹುಸೇನನ ಮಗಳು ಚಾಂದ್ ಬೀಬಿ ಅಲಿಯನ್ನು ಮದುವೆಯಾದಾಗ ಬಳುವಳಿಯಾಗಿ ಹೋಯಿತು. ಯುದ್ಧದಿಂದ ತೀರದ ಜಗಳವನ್ನು ರಾಮರಾಯನ ಭಯ ತೀರಿಸಿತು! 1565ರ ಜನವರಿ 23ರಂದು, ಒಂದಾದ ಸುಲ್ತಾನರ ಎದುರು ನಡೆದ ರಕ್ಕಸಗಿ-ತಂಗಡಗಿ ಕದನದಲ್ಲಿ ಅವನ ತಲೆ ಉರುಳಿತು.

ಅಲಿಯೊಬ್ಬನನ್ನಾದರೂ ತನ್ನ ಕಡೆ ಉಳಿಸಿಕೊಳ್ಳಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕೊಂಚ ನೆಲ ಬಿಟ್ಟುಕೊಟ್ಟಿದ್ದರೆ ಸಾಕಿತ್ತು. ಆದರೆ ಇಪ್ಪತ್ತು ವರ್ಷ ಪಡೆಯುವುದರಿಂದಲೇ ಬೆಳೆದವನಿಗೆ, ಎಂಥ ಜಾಣನಾದರೂ, ಬಿಟ್ಟುಕೊಡುವುದು ಬಲವೆಂದು ಹೊಳೆಯುವುದು ಕಷ್ಟ. ಅವನ ದುರಂತ ಇರುವುದು ಇಲ್ಲಿ.

ನಿಮ್ಮ ಪಕ್ಕದ ಆದವಾನಿ ಕೋಟೆ 1568ರ ಹೊತ್ತಿಗೆ ಅಲಿಯ ವಶವಾಯಿತು. ಗೆದ್ದವರ ಒಗ್ಗಟ್ಟೂ ಬಾಳಲಿಲ್ಲ. 1686ರಲ್ಲಿ ಬಿಜಾಪುರ ಔರಂಗಜೇಬನ ಕೈಸೇರಿತು. ಬಿಜಾಪುರದ ಮಂತ್ರಿಯಾಗಿದ್ದ ಸಿದ್ದಿ ಮಸೂದ್ ಆದವಾನಿಯಲ್ಲಿ ಇನ್ನೆರಡು ವರ್ಷ ತಾಳಿಕೊಂಡ. 1688ರಲ್ಲಿ ಅವನೂ ಶರಣಾದ.