ಬಾಲದ ತುದಿ ಬಿಡಬೇಡಿ: ಡ್ಯಾಮ್ಸೆಲ್‌ಫ್ಲೈ ಫೋಟೋ ತೆಗೆಯೋದು, ಗುರುತಿಸೋದು

ಏರೋಪ್ಲೇನ್ ಚಿಟ್ಟೆ ಎಲ್ಲರಿಗೂ ಗೊತ್ತು. ಮಳೆ ನಿಂತ ಮೇಲೆ ಗ್ರೌಂಡ್ ತುಂಬಾ ಹಾರಾಡೋದನ್ನ ನೀವೂ ನೋಡಿರ್ತೀರಿ. ಅದಕ್ಕೆ ತೆಳ್ಳಗಿನ ದಾಯಾದಿ ಒಂದಿದೆ. ಹುಲ್ಲಿನ ಕಡ್ಡಿಗೆ ಬಣ್ಣದ ಇನ್ನೊಂದು ಕಡ್ಡಿ ಅಂಟಿಸಿದ ಹಾಗೆ ಕೂತಿರುತ್ತೆ. ಇಂಗ್ಲಿಷಿನಲ್ಲಿ ಅದನ್ನು ಡ್ಯಾಮ್ಸೆಲ್‌ಫ್ಲೈ ಅಂತಾರೆ. ನಮ್ಮ ಕನ್ನಡ ಸಂಘದ ಐದಾರು ಜನ ಹೋದ ಸೆಮಿಸ್ಟರ್‌ನಿಂದ ಹಾಸ್ಟೆಲ್ ಹಿಂದಿನ ಮಳೆನೀರಿನ ಹೊಂಡದಲ್ಲಿ ಇವುಗಳ ಫೋಟೋ ತೆಗೆದು ಪಟ್ಟಿ ಮಾಡ್ತಾ ಇದ್ದೇವೆ. ಆ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು, ಹೇಗೆ ಅನ್ನೋದನ್ನ ಇಲ್ಲಿ ಬರೆದಿದ್ದೇವೆ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಚೆಂದದ ಫೋಟೋ ಎಲ್ಲವೂ ಗುರುತಿಸಲು ಬರುವ ಫೋಟೋ ಆಗಿರಲ್ಲ. ಯಾವ ಭಾಗ ಕಾಣಬೇಕು ಅಂತ ಶಟರ್ ಒತ್ತುವ ಮೊದಲೇ ಗೊತ್ತಿದ್ದರೆ ಗುರುತಿಸುವ ಕೆಲಸ ಅರ್ಧ ಮುಗಿದ ಹಾಗೆ.

ಇದು ಡ್ಯಾಮ್ಸೆಲ್‌ಫ್ಲೈ ಹೌದಾ?

ಏರೋಪ್ಲೇನ್ ಚಿಟ್ಟೆಯೂ ಇದೂ ‘ಒಡೊನೇಟಾ’ ಅನ್ನುವ ಒಂದೇ ಗಣಕ್ಕೆ ಸೇರಿದವು. ಪ್ರಪಂಚದಲ್ಲಿ ಈ ಗಣದ 6,000ಕ್ಕೂ ಹೆಚ್ಚು ಜಾತಿಗಳಿವೆ, ಭಾರತದಲ್ಲಿ ಸುಮಾರು 500. ಎರಡನ್ನೂ ಬೇರೆ ಮಾಡೋದು ಸುಲಭ:

1. ಡ್ಯಾಮ್ಸೆಲ್‌ಫ್ಲೈ ಕಣ್ಣುಗಳು ತಲೆಯ ಎರಡು ಬದಿಗೆ ದೂರ ದೂರ ಇರುತ್ತವೆ, ಡಂಬೆಲ್ ತರ. ಏರೋಪ್ಲೇನ್ ಚಿಟ್ಟೆಯಲ್ಲಿ ಹೆಚ್ಚಾಗಿ ಎರಡೂ ಕಣ್ಣು ಒಂದಕ್ಕೊಂದು ತಾಗಿರುತ್ತವೆ.
2. ಕೂತಾಗ ಡ್ಯಾಮ್ಸೆಲ್‌ಫ್ಲೈ ರೆಕ್ಕೆಗಳನ್ನು ಬೆನ್ನ ಮೇಲೆ ಮಡಚಿಕೊಳ್ಳುತ್ತೆ. ಲೆಸ್ಟಿಡೇ ಕುಟುಂಬದ ಕೆಲವು ಮಾತ್ರ ಅರ್ಧ ಬಿಚ್ಚಿಕೊಂಡು ಕೂರುತ್ತವೆ.
3. ಮುಂದಿನ ರೆಕ್ಕೆ, ಹಿಂದಿನ ರೆಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ ಆಕಾರ, ಬುಡದಲ್ಲಿ ಕಿರಿದು.
4. ಹೊಟ್ಟೆಯ ಭಾಗ ಸೂಜಿಯಷ್ಟು ತೆಳು. ನಾವು ‘ಬಾಲ’ ಅನ್ನೋದು ಇದನ್ನೇ.

ದೇಹದ ನಕ್ಷೆ

ಐಸಿ ಕೈಯಲ್ಲಿ ಹಿಡಿದಾಗ ಪಿನ್ ನಂಬರ್ ಎಲ್ಲಿಂದ ಶುರು ಅಂತ ನೋಡ್ತೀವಲ್ಲ, ಇಲ್ಲೂ ಹಾಗೇ. ಬಾಲದಲ್ಲಿ 10 ಖಂಡಗಳಿವೆ. ಎದೆಯ ಹತ್ತಿರದ 1 ಮತ್ತು 2 ಗಿಡ್ಡ, 3ರಿಂದ 7 ಉದ್ದ, 8ರಿಂದ 10 ಮತ್ತೆ ಗಿಡ್ಡ. ಮುಂದಿನಿಂದ ಎಣಿಸೋಕೆ ಹೋದರೆ ರೆಕ್ಕೆ ಅಡ್ಡ ಬರುತ್ತೆ. ಹಿಂದಿನಿಂದ 10, 9, 8 ಅಂತ ಎಣಿಸಿ, ಗೊಂದಲ ಇರಲ್ಲ.

ಗಂಡಿನ 2ನೇ ಖಂಡದ ಕೆಳಗೆ ಸಣ್ಣ ಉಬ್ಬು ಕಾಣುತ್ತೆ. ಹೆಣ್ಣಿನ 8 ಮತ್ತು 9ನೇ ಖಂಡದ ಕೆಳಗೆ ಮೊಟ್ಟೆ ಇಡುವ ಅಂಗ ಇರುತ್ತೆ, ಹಾಗಾಗಿ ಆ ಭಾಗ ದಪ್ಪ.

ಈಗ ಶೀರ್ಷಿಕೆಯ ವಿಷಯ. ಗಂಡಿನ ಬಾಲದ ಕೊನೆಯಲ್ಲಿ ಎರಡು ಜೊತೆ ಪುಟ್ಟ ಕೊಕ್ಕೆಗಳಿವೆ. ಜೋಡಿಯಾಗುವಾಗ ಗಂಡು ಈ ಕೊಕ್ಕೆಗಳಿಂದ ಹೆಣ್ಣಿನ ತಲೆಗೆ ತಾಗಿಕೊಂಡಿರುವ ಎದೆಯ ಮುಂಭಾಗವನ್ನು ಹಿಡಿಯುತ್ತೆ. ಬೀಗಕ್ಕೆ ಕೀಲಿ ಕೂತ ಹಾಗೆ ಹಿಡಿತ ಕೂರಬೇಕು, ಅದಕ್ಕೇ ಕೊಕ್ಕೆಯ ಆಕಾರ ಜಾತಿಯಿಂದ ಜಾತಿಗೆ ಬೇರೆ. ಬಣ್ಣದಲ್ಲಿ ಅವಳಿಜವಳಿ ತರ ಕಾಣೋ ಎರಡು ಜಾತಿಗಳನ್ನು ಕೊನೆಗೆ ಬೇರೆ ಮಾಡೋದು ಈ ಒಂದೆರಡು ಮಿಲಿಮೀಟರ್ ಜಾಗ. ಕಣ್ಣಿಗೆ ಫೋಕಸ್ ಮಾಡಿ ಬಾಲವನ್ನು ಮಸುಕು ಬಿಟ್ಟ ಫೋಟೋ ವಾಲ್‌ಪೇಪರಿಗೆ ಒಳ್ಳೇದು, ಪಟ್ಟಿಗೆ ಸಾಲಲ್ಲ.

ಕ್ಯಾಮೆರಾ ಲೆಕ್ಕ

ಹತ್ತಿರದ ಫೋಟೋದಲ್ಲಿ ಸ್ಪಷ್ಟವಾಗಿ ಬರೋ ಆಳ ತುಂಬಾ ಕಡಿಮೆ. ಎಷ್ಟು ಕಡಿಮೆ ಅಂತ ಲೆಕ್ಕ ಹಾಕೋಣ:

ಆಳ ≈ 2 × ಎಫ್-ಸಂಖ್ಯೆ × ಮಸುಕಿನ ಮಿತಿ × (ಹಿಗ್ಗುವಿಕೆ + 1) ÷ (ಹಿಗ್ಗುವಿಕೆ × ಹಿಗ್ಗುವಿಕೆ)

ಮಸುಕಿನ ಮಿತಿ ಅಂದರೆ ಸೆನ್ಸರ್ ಮೇಲೆ ಒಂದು ಚುಕ್ಕಿ ಎಷ್ಟು ಹರಡಿದರೂ ನಮ್ಮ ಕಣ್ಣಿಗೆ ಚುಕ್ಕಿಯಾಗಿಯೇ ಕಾಣುತ್ತೆ ಅನ್ನೋ ಅಳತೆ. ಎಪಿಎಸ್-ಸಿ ಸೆನ್ಸರಿಗೆ ಅದನ್ನು 0.02 ಮಿಮೀ ಅಂತ ಹಿಡಿಯುತ್ತಾರೆ. ಸೆನ್ಸರ್ ಮೇಲೆ ಹುಳು ನಿಜ ಗಾತ್ರದ ಅರ್ಧ ಬಿದ್ದರೆ ಹಿಗ್ಗುವಿಕೆ 0.5. ಎಫ್/8 ಇಟ್ಟರೆ ಆಳ 1.92 ಮಿಮೀ, ಎಫ್/11 ಇಟ್ಟರೆ 2.64 ಮಿಮೀ. ಇನ್ನೂ ಹತ್ತಿರ ಹೋಗಿ ಹಿಗ್ಗುವಿಕೆ 1 ಮಾಡಿದರೆ ಎಫ್/8ರಲ್ಲಿ ಬರೀ 0.64 ಮಿಮೀ.

ಈಗ 30 ಮಿಮೀ ಉದ್ದದ ಡ್ಯಾಮ್ಸೆಲ್‌ಫ್ಲೈ ನಿಮ್ಮ ಸೆನ್ಸರಿಗೆ 10 ಡಿಗ್ರಿ ಓರೆಯಾಗಿ ಕೂತಿದೆ ಅಂದುಕೊಳ್ಳಿ. ಸೈನ್ 10 ಡಿಗ್ರಿ ಅಂದರೆ 0.17. ತಲೆಗೂ ಬಾಲಕ್ಕೂ ದೂರದಲ್ಲಿ ಸುಮಾರು 5 ಮಿಮೀ ವ್ಯತ್ಯಾಸ ಬಂತು. ನಮ್ಮ ಹತ್ತಿರ ಇರೋದು 2.64. ಎರಡರಲ್ಲಿ ಒಂದು ಮಸುಕಾಗಲೇಬೇಕು. ದುಬಾರಿ ಲೆನ್ಸ್ ಹಾಕಿದರೂ ಈ ಲೆಕ್ಕ ಬದಲಾಗಲ್ಲ. ಬದಲಾಗಬೇಕಾದ್ದು ನೀವು ನಿಂತ ಜಾಗ. ಹುಳುವಿನ ದೇಹಕ್ಕೆ ಕ್ಯಾಮೆರಾದ ಬೆನ್ನು ಸಮಾನಾಂತರ ಆಗೋ ತನಕ ಅರ್ಧ ಹೆಜ್ಜೆ ಆ ಕಡೆ ಈ ಕಡೆ ಸರಿಯಿರಿ.

ಎಫ್-ಸಂಖ್ಯೆಯನ್ನು 16ಕ್ಕಿಂತ ಮೇಲೆ ಏರಿಸಿದರೆ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರವೇ ಮೆತ್ತಗಾಗುತ್ತೆ, ಆದ್ದರಿಂದ 8ರಿಂದ 11 ಸಾಕು. ಶಟರ್ 1/250 ಸೆಕೆಂಡಿಗಿಂತ ನಿಧಾನ ಬೇಡ, ಹುಲ್ಲು ಗಾಳಿಗೆ ಅಲ್ಲಾಡುತ್ತೆ. ಫೋನ್ ಮಾತ್ರ ಇದ್ದವರು ಬೇಜಾರಾಗಬೇಡಿ. ಸಣ್ಣ ಸೆನ್ಸರ್ ಆದ್ದರಿಂದ ಅಷ್ಟೇ ಫ್ರೇಮಿನಲ್ಲಿ ಫೋನಿಗೆ ಹೆಚ್ಚು ಆಳ ಸಿಗುತ್ತೆ. ಕ್ಲಿಪ್ ಹಾಕೋ ಮ್ಯಾಕ್ರೋ ಲೆನ್ಸ್ ಇದ್ದರೆ ಇನ್ನೂ ಅನುಕೂಲ.

ಹತ್ತಿರ ಹೋಗೋದು

ಬೆಳಿಗ್ಗೆ ಬೇಗ ಹೋಗಿ. ತಂಪು ಇರುವಾಗ ಅವು ಚುರುಕಾಗಿರಲ್ಲ. ಅವುಗಳ ಕಣ್ಣಿಗೆ ಚಲನೆ ಬೇಗ ಗೊತ್ತಾಗುತ್ತೆ, ಹಾಗಾಗಿ ಕುಕ್ಕರಗಾಲಲ್ಲಿ ಕೂತು ನಿಧಾನಕ್ಕೆ ಮುಂದೆ ಸಾಗಿ. ನಿಮ್ಮ ನೆರಳು ಅದರ ಮೇಲೆ ಬೀಳಬಾರದು. ಕೆಲವೊಮ್ಮೆ ಅದು ಹಾರದೆ ಕಡ್ಡಿಯ ಆ ಬದಿಗೆ ತಿರುಗಿ ಅಡಗಿಕೊಳ್ಳುತ್ತೆ, ಎರಡು ಕಣ್ಣು ಮಾತ್ರ ಎರಡು ಕಡೆ ಇಣುಕುತ್ತಿರುತ್ತವೆ. ಆಗ ಸುತ್ತು ಹಾಕಬೇಡಿ, ಅಲ್ಲಾಡದೆ ಕಾಯಿರಿ. ಹಾರಿಹೋದರೂ ಕಾಯಿರಿ, ಬಹಳ ಸಲ ಅದೇ ಜಾಗಕ್ಕೆ ವಾಪಸ್ ಬರುತ್ತೆ.

ಹಿಡಿಯೋದು, ರೆಕ್ಕೆ ಮುಟ್ಟೋದು, ಅಲ್ಲಾಡದಿರಲಿ ಅಂತ ಫ್ರಿಜ್ಜಿನಲ್ಲಿ ಇಡೋದು ಬೇಡವೇ ಬೇಡ. ಕಾಲಿಗೆ ಶೂ ಇರಲಿ. ಹೊಂಡದ ಅಂಚಿನ ಹುಲ್ಲಲ್ಲಿ ನಮ್ಮ ಹಾಗೆ ಹಾವಿಗೂ ಕೆಲಸ ಇರುತ್ತೆ.

ಒಂದೊಂದು ಹುಳುವಿಗೂ ನಾವು ಈ ಕ್ರಮದಲ್ಲಿ ತೆಗೆಯುತ್ತೇವೆ:

1. ದೂರದಿಂದ ಒಂದು. ಹಾರಿಹೋದರೂ ಸಾಕ್ಷಿ ಉಳಿಯಲಿ ಅಂತ.
2. ಪೂರ್ತಿ ದೇಹ, ಪಕ್ಕದಿಂದ. ಎದೆಯ ಪಟ್ಟೆ, ಕಾಲಿನ ಬಣ್ಣ ಕಾಣಬೇಕು.
3. ಮೇಲಿನಿಂದ. ತಲೆಯ ಹಿಂದಿನ ಚುಕ್ಕಿ, 2ನೇ ಖಂಡದ ಕಪ್ಪು ಗುರುತು.
4. ಬಾಲದ ತುದಿ, ಪಕ್ಕದಿಂದ ಒಂದು, ಮೇಲಿನಿಂದ ಒಂದು.
5. ಕೂತ ಜಾಗದ ಫೋಟೋ. ನಿಂತ ನೀರಾ, ಹರಿಯೋ ನೀರಾ, ನೆರಳಾ, ಬಿಸಿಲಾ.

ದಿನಾಂಕ, ಸಮಯ, ಜಾಗ ಅವತ್ತೇ ಬರೆದಿಡಿ.

ಹೊಂಡದಲ್ಲಿ ಸಿಕ್ಕವು

ವೈಜ್ಞಾನಿಕ ಹೆಸರಿನ ಜೊತೆ, ನಮ್ಮ ನಮ್ಮಲ್ಲಿ ಕರೆಯೋಕೆ ಕನ್ನಡದಲ್ಲಿ ಒಂದೊಂದು ಅಡ್ಡಹೆಸರು ಇಟ್ಟುಕೊಂಡಿದ್ದೇವೆ.

ಅರಿಶಿನಕಡ್ಡಿ: ಸೆರಿಯಾಗ್ರಿಯಾನ್ ಕೋರಮಂಡೇಲಿಯಾನಮ್. ಗಂಡಿನ ಬಾಲ ಪೂರ್ತಿ ಹಳದಿ, ಎದೆ ಹಸಿರು ಛಾಯೆ, ಎಲ್ಲೂ ಕಪ್ಪು ಗುರುತಿಲ್ಲ. ಶುರು ಮಾಡೋರಿಗೆ ಇದೇ ಮೊದಲ ಪಾಠ.

ದೀಪದತುದಿ: ಇಶ್ನೂರಾ ರುಬಿಲಿಯೊ. ಇದರ ಗಂಡಿನ ಬಾಲವೂ ಹಳದಿ. ಆದರೆ ಗಾತ್ರ ಚಿಕ್ಕದು, ಎದೆಯ ಮೇಲೆ ಕಪ್ಪು ಪಟ್ಟೆ, ಬಾಲದ ತುದಿಯಲ್ಲಿ ನೀಲಿ. ‘ಹಳದಿ ಬಾಲ’ ಅಂತಷ್ಟೇ ಬರೆದುಕೊಂಡರೆ ಅರಿಶಿನಕಡ್ಡಿಯ ಜೊತೆ ಕಲಸಿಹೋಗುತ್ತೆ.

ನೀಲಿಬಳೆ: ಇಶ್ನೂರಾ ಸೆನೆಗಲೆನ್ಸಿಸ್. ಗಂಡಿನ ಎದೆ ಹಸಿರು-ಕಪ್ಪು, ಬಾಲದ ಬೆನ್ನು ಕಪ್ಪು, 8ನೇ ಖಂಡದಲ್ಲಿ ಬಳೆ ತೊಟ್ಟ ಹಾಗೆ ನೀಲಿ.

ಗುಂಡುಸೂಜಿ: ಅಗ್ರಿಯೊಕ್ನೆಮಿಸ್ ಪಿಗ್ಮಿಯಾ. ಬಾಲದ ಉದ್ದ 2 ಸೆಂಟಿಮೀಟರೂ ಇಲ್ಲ. ಗಂಡಿನ ಬಾಲದ ತುದಿ ಇಟ್ಟಿಗೆ ಕೆಂಪು. ಹುಲ್ಲಿನ ಬುಡದಲ್ಲೇ ಹಾರೋದರಿಂದ ನಿಂತುಕೊಂಡು ನೋಡಿದರೆ ಕಾಣೋದೇ ಇಲ್ಲ.

ಹಳದಿಗಾಲು: ಕೋಪೆರಾ ಮಾರ್ಜಿನಿಪೆಸ್. ಹೊಂಡದ ಪಕ್ಕದ ಪೊದೆಯ ನೆರಳಲ್ಲಿ ಇರುತ್ತೆ, ಗಂಡಿನ ಕಾಲು ಹಳದಿ. ಇದರ ಹತ್ತಿರದ ಸಂಬಂಧಿ ಕೋಪೆರಾ ವಿಟ್ಟಾಟಾದ ಕಾಲಿಗೆ ಕೆಂಪು ಛಾಯೆ. ಕಾಲು ಎಲೆಯ ಹಿಂದೆ ಹೋದರೆ ಫೋಟೋ ಇದ್ದೂ ಇಲ್ಲದ ಹಾಗೆ.

ಆರನೆಯದು ನೀಲಿ-ಕಪ್ಪು ಬಣ್ಣದ್ದು. ಸೂಡಾಗ್ರಿಯಾನ್ ಅನ್ನುವ ಗುಂಪಿಗೆ ಸೇರಿದೆ. ಈ ಗುಂಪಿನ ಮೈಕ್ರೋಸೆಫಾಲಮ್ ಮತ್ತು ಮಲಬಾರಿಕಮ್ ಮೇಲ್ನೋಟಕ್ಕೆ ಒಂದೇ ತರ, ಕೊಕ್ಕೆ ನೋಡಿಯೇ ಹೇಳಬೇಕು. ಕೊಕ್ಕೆ ಸ್ಪಷ್ಟ ಇರೋ ಫೋಟೋ ಸಿಗೋ ತನಕ ಪಟ್ಟಿಯಲ್ಲಿ ‘ಸೂಡಾಗ್ರಿಯಾನ್, ಜಾತಿ ನಿರ್ಧಾರ ಆಗಿಲ್ಲ’ ಅಂತಲೇ ಇರುತ್ತೆ. ಹಾಗೆ ಬರೆಯೋದರಲ್ಲಿ ನಾಚಿಕೆ ಏನಿಲ್ಲ, ಅದೂ ಒಂದು ಸರಿಯಾದ ಉತ್ತರ.

ಬಣ್ಣ ಒಂದನ್ನೇ ನಂಬಬೇಡಿ

ವಯಸ್ಸಿನ ಜೊತೆ ಇವುಗಳ ಬಣ್ಣ ಬದಲಾಗುತ್ತೆ. ಗುಂಡುಸೂಜಿಯ ಎಳೆಯ ಹೆಣ್ಣು ಕೆಂಪಗಿರುತ್ತೆ, ಬಲಿತ ಮೇಲೆ ಹಸಿರು ಛಾಯೆಗೆ ತಿರುಗುತ್ತೆ. ನೀಲಿಬಳೆಯ ಎಳೆಯ ಹೆಣ್ಣು ಕಿತ್ತಳೆ ಬಣ್ಣ. ಅದೇ ಜಾತಿಯಲ್ಲಿ ಗಂಡಿನ ಹಾಗೇ ಕಾಣೋ ಹೆಣ್ಣುಗಳೂ ಇವೆ. ಹಳದಿಗಾಲಿನ ಎಳೆಯವು ಸುಣ್ಣ ಬಳಿದ ಹಾಗೆ ಬಿಳಿ. ಐನ್ಯಾಚುರಲಿಸ್ಟ್ ಆ್ಯಪ್ ಹೆಸರು ಸೂಚಿಸುತ್ತೆ, ಆದರೆ ಅದನ್ನು ಸುಳಿವು ಅಂತ ತಗೊಳ್ಳಿ. ಆಮೇಲೆ ಕಾಲು, ಎದೆ, ಖಂಡ, ಕೊಕ್ಕೆ ಒಂದೊಂದೇ ತಾಳೆ ನೋಡಿ.

ತಾಳೆ ನೋಡೋಕೆ ಕೆ. ಎ. ಸುಬ್ರಮಣಿಯನ್ ಅವರ 2005ರ ಕ್ಷೇತ್ರ ಕೈಪಿಡಿ ಇದೆ, ದಕ್ಷಿಣ ಭಾರತದ ಜಾತಿಗಳಿಗೆ ಅಂತಲೇ ಬರೆದದ್ದು. ಅದರ ಪಿಡಿಎಫ್ ಉಚಿತವಾಗಿ ಸಿಗುತ್ತೆ. ಇನ್ನೂ ಆಳಕ್ಕೆ ಹೋಗಬೇಕು ಅನ್ನೋರಿಗೆ ಎಫ್. ಸಿ. ಫ್ರೇಸರ್ 1933ರಿಂದ 1936ರ ನಡುವೆ ಹೊರತಂದ ಮೂರು ಸಂಪುಟಗಳಿವೆ. ಫ್ರೇಸರ್ ವೃತ್ತಿಯಿಂದ ಸೇನಾ ವೈದ್ಯರು. ಕೊಡಗಿನ ಹೊಳೆಗಳಲ್ಲೂ ಅಲೆದು ಹುಳು ಸಂಗ್ರಹಿಸಿದವರು. ಇವತ್ತಿಗೂ ಕೊಕ್ಕೆಯ ಆಕಾರದ ಬಗ್ಗೆ ಅನುಮಾನ ಬಂದರೆ ಜನ ಅವರ ಚಿತ್ರಗಳನ್ನೇ ತೆರೆಯುತ್ತಾರೆ.

ಪಟ್ಟಿ ಯಾಕೆ ಗಟ್ಟಿ ಇರಬೇಕು?

ಹಾಸ್ಟೆಲ್ ಹಿಂದಿನ ಹೊಂಡಕ್ಕೆ ಮಣ್ಣು ತುಂಬಿಸಿ ಬೈಕ್ ಪಾರ್ಕಿಂಗ್ ಮಾಡೋಣ ಅನ್ನೋ ಮಾತು ಈ ವರ್ಷ ಶುರುವಾಗಿದೆ. ಕಾರಣ ಸೊಳ್ಳೆ. ಆ ದೂರು ಸುಳ್ಳಲ್ಲ, ರಾತ್ರಿ ಕಚ್ಚಿಸಿಕೊಳ್ಳೋರಲ್ಲಿ ನಾವೂ ಇದ್ದೇವೆ. ಆದರೆ ಡ್ಯಾಮ್ಸೆಲ್‌ಫ್ಲೈ ಮರಿಗಳು ಅದೇ ನೀರಿನಲ್ಲಿ ಬೆಳೆಯುತ್ತವೆ, ಸೊಳ್ಳೆಯ ಮರಿಗಳನ್ನು ತಿನ್ನುತ್ತವೆ. ಸೊಳ್ಳೆಗೆ ಬಕೆಟ್, ಟೈರು, ಹೂಕುಂಡದ ತಟ್ಟೆಯಲ್ಲಿ ನಿಂತ ನೀರೂ ಸಾಕು. ಇವಕ್ಕೆ ಹುಲ್ಲಿನ ಅಂಚು ಇರೋ ಹೊಂಡವೇ ಬೇಕು. ಹೊಂಡ ಮುಚ್ಚಿದರೆ ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಅಂತ ನೀವೇ ಯೋಚಿಸಿ.

ಈ ಮಾತನ್ನು ಮೀಟಿಂಗಿನಲ್ಲಿ ಬಾಯಲ್ಲಿ ಹೇಳಿದರೆ ‘ಹುಡುಗರು ಏನೋ ಹೇಳ್ತಾರೆ’ ಅಂತಾಗುತ್ತೆ. ಐದು ಜಾತಿ, ಒಂದೊಂದಕ್ಕೂ ಪಕ್ಕದ, ಮೇಲಿನ, ಬಾಲದ ಫೋಟೋ, ದಿನಾಂಕ ಇಟ್ಟು ತೋರಿಸಿದರೆ ಚರ್ಚೆ ಬೇರೆ ತರ ನಡೆಯುತ್ತೆ. ವೈವಾದಲ್ಲಿ ಕೇಳೋ ಹಾಗೆ ‘ಇದು ಅದೇ ಅಂತ ಹೇಗೆ ಗೊತ್ತು?’ ಅಂತ ಯಾರಾದರೂ ಕೇಳಿದರೆ ಉತ್ತರ ಫೋಟೋದಲ್ಲೇ ಇರಬೇಕು.

ಇನ್ನೂ ಒಂದು ಕೆಲಸ ನಿಮ್ಮಿಂದ ಆಗಬೇಕಿದೆ. ರಜೆಗೆ ಊರಿಗೆ ಹೋದಾಗ ಗದ್ದೆ, ತೋಟ, ಕೆರೆಯ ಹತ್ತಿರ ಈ ಹುಳು ಕಂಡರೆ ಅಜ್ಜಿಗೋ ದೊಡ್ಡಪ್ಪನಿಗೋ ತೋರಿಸಿ, ಇದಕ್ಕೆ ಏನಂತಾರೆ ಅಂತ ಕೇಳಿ. ನಮ್ಮ ಅಡ್ಡಹೆಸರುಗಳಿಗಿಂತ ಒಳ್ಳೆಯ ಹೆಸರು ಸಿಕ್ಕರೆ, ಯಾವ ಊರಿನದು ಅಂತ ಬರೆದು ಫೋಟೋ ಸಮೇತ ಸಂಘಕ್ಕೆ ಕಳಿಸಿ. ಬಾಲದ ತುದಿ ಕಾಣೋ ಫೋಟೋ ಆಗಿರಲಿ!